ಹಲಗೆ ಎಲ್ಲಿ ತಿರುಗಬೇಕು?

ಮಾಗಡಿ ಸೀಮೆಯ ಗುಡೇಮಾರನಹಳ್ಳಿ, ಸೋಲೂರು, ಕುದೂರು ಕಡೆ ಈಗ ಎರಡು ಕಾಲದ ಮನೆಗಳು ಅಕ್ಕಪಕ್ಕ ನಿಂತಿವೆ. ಒಂದು, ಕಲ್ಲು–ಮಣ್ಣಿನ ಗೋಡೆ ಎಬ್ಬಿಸಿ ಮೇಲೆ ಚಪ್ಪಡಿ ಹೊದಿಸಿದ ಅಜ್ಜನ ಕಾಲದ ಮನೆ. ಇನ್ನೊಂದು, ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗನೋ ಮಗಳೋ ಊರಿನ ಜಮೀನಿನಲ್ಲಿ ಕಟ್ಟಿಸಿದ ಆರ್‌ಸಿಸಿ ಮನೆ. ಕೆಳಗೆ ಗ್ರಾನೈಟೋ ವಿಟ್ರಿಫೈಡ್ ಟೈಲ್ಸೋ ಇರುತ್ತದೆ. ಮಹಡಿಗೆ ಮಾತ್ರ ಮನೆಯವರಿಗೆ ‘ವುಡನ್ ಫ್ಲೋರಿಂಗ್’ ಆಸೆ. ಪೆಟ್ಟಿಗೆಗಳು ಬಂದು ಇಳಿಯುತ್ತವೆ, ಕೆಲಸದವರು ಫೋಮ್ ಹಾಸುತ್ತಾರೆ, ಹಾಲಿನಲ್ಲಿ ನಾಲ್ಕು ಸಾಲು ಹಲಗೆ ಕೂರುತ್ತದೆ. ಆಗ ಮನೆ ಯಜಮಾನರಿಗೆ ಅನುಮಾನ ಹುಟ್ಟುತ್ತದೆ.

“ಹಾಲಲ್ಲಿ ಹಿಂಗೆ ಉದ್ದಕ್ಕೆ ಹಾಕ್ತಿದ್ದೀರಲ್ಲ, ರೂಮಿಗೂ ಇದೇ ದಿಕ್ಕಲ್ಲಿ ಹೋಗ್ಬೇಕಾ, ಇಲ್ಲ ತಿರುಗಿಸ್ಬಹುದಾ?”

“ನೀವ್ ಹೆಂಗಂದ್ರೆ ಹಂಗೆ ಸಾರ್.”

ಮನೆ ಕಟ್ಟಿಸಿದವರೆಲ್ಲ ಬಲ್ಲರು, ಈ ‘ನೀವ್ ಹೆಂಗಂದ್ರೆ ಹಂಗೆ’ ಎಂಬ ಉತ್ತರದಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಹಲಗೆಯ ದಿಕ್ಕನ್ನು ಕೋಣೆಯಿಂದ ಕೋಣೆಗೆ ತಿರುಗಿಸಬಹುದು. ಆದರೆ ಬಾಗಿಲಿನಲ್ಲೇ ತಿರುಗಿಸಬೇಕು, ಕಾರಣವಿದ್ದರೆ ಮಾತ್ರ ತಿರುಗಿಸಬೇಕು, ತಿರುಗಿದ ಜಾಗದಲ್ಲಿ ಮರಕ್ಕೆ ಮಿಸುಕಾಡಲು ಎಡೆ ಬಿಟ್ಟಿರಬೇಕು. ಒಂದೇ ಕೋಣೆಯ ನಡುವೆ ತಿರುಗಿಸುವುದು ಬೇಡವೇ ಬೇಡ.

ಈ ಪ್ರಶ್ನೆ ನಮ್ಮನ್ನು ತಬ್ಬಿಬ್ಬು ಮಾಡುವುದಕ್ಕೆ ಕಾರಣವಿದೆ. ನಮ್ಮ ಕಡೆಯ ನೆಲಗಳಿಗೆ ದಿಕ್ಕೇ ಇರಲಿಲ್ಲ. ಸಗಣಿ ಸಾರಿಸಿದ ಮಣ್ಣಿನ ನೆಲಕ್ಕೆ ಯಾವ ದಿಕ್ಕು? ಆಮೇಲೆ ಬಂದ ಕೆಂಪು ಗಾರೆ ನೆಲ, ಅಂದರೆ ರೆಡ್ ಆಕ್ಸೈಡ್, ಒಂದೇ ಅಖಂಡ ಹಾಸು. ಮೊಸಾಯಿಕ್‌ಗೂ ದಿಕ್ಕಿಲ್ಲ. ಕಡಪ ಕಲ್ಲು, ಎರಡಡಿ–ಎರಡಡಿ ಟೈಲ್ಸು ಚೌಕಾಕಾರದವು, ಎತ್ತ ತಿರುಗಿಸಿದರೂ ಒಂದೇ. ಉದ್ದ–ಅಗಲಕ್ಕೆ ಇಷ್ಟು ದೊಡ್ಡ ವ್ಯತ್ಯಾಸವಿರುವ, ಪ್ರತಿ ಸಾಲೂ ಗೆರೆಯಾಗಿ ಕಣ್ಣಿಗೆ ಹೊಡೆಯುವ ನೆಲ ಬಯಲುಸೀಮೆಯ ಮನೆಗಳಿಗೆ ಬಂದದ್ದು ಲ್ಯಾಮಿನೇಟ್ ಹಲಗೆ ಮತ್ತು ಮರದ ನಮೂನೆಯ ಉದ್ದ ಟೈಲ್ಸುಗಳ ಜೊತೆಗೆ, ಮೊನ್ನೆ ಮೊನ್ನೆ.

ಹಾಗೆಂದು ದಿಕ್ಕಿನ ಲೆಕ್ಕ ನಮ್ಮವರಿಗೆ ಗೊತ್ತಿರಲಿಲ್ಲ ಎಂದಲ್ಲ. ಅವರು ಅದನ್ನು ನೆಲದಲ್ಲಿ ಮಾಡಲಿಲ್ಲ, ಸೂರಿನಲ್ಲಿ ಮಾಡಿದರು. ಆ ಚಪ್ಪಡಿ ಮನೆಯೊಳಗೆ ನಿಂತು ತಲೆಯೆತ್ತಿ ನೋಡಿ. ನಡುಮನೆಯಲ್ಲಿ ಚಪ್ಪಡಿಗಳು ಒಂದು ದಿಕ್ಕಿಗೆ ಮಲಗಿರುತ್ತವೆ, ಪಕ್ಕದ ಕೋಣೆಯಲ್ಲಿ ಅಡ್ಡಡ್ಡ ತಿರುಗಿರುವುದೂ ಉಂಟು. ಯಾರೂ ಅಂದ ನೋಡಿ ತಿರುಗಿಸಿದ್ದಲ್ಲ, ಕಾರಣ ಕಲ್ಲಿನಲ್ಲೇ ಇದೆ. ರಾಮನಗರದಿಂದ ಸಾವನದುರ್ಗದವರೆಗೆ ಕಾಣುವ ಬೆಟ್ಟಗಳ ಗ್ರಾನೈಟನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರೇ ಅದು. ಸುಮಾರು 250 ಕೋಟಿ ವರ್ಷ ಹಳೆಯ ಶಿಲೆ. ಒತ್ತಿದರೆ ಜಗ್ಗದ ಈ ಕಲ್ಲು ಎಳೆತಕ್ಕೆ ಮಾತ್ರ ಬಲು ದುರ್ಬಲ. ಒತ್ತಡ ತಡೆಯುವ ಶಕ್ತಿಯ ಹತ್ತನೇ ಒಂದು ಪಾಲಿನಷ್ಟು ಎಳೆತವನ್ನೂ ಅದು ತಡೆಯುವುದು ಕಷ್ಟ. ಚಪ್ಪಡಿಯನ್ನು ಎರಡು ಗೋಡೆಗಳ ಮೇಲೆ ಇಟ್ಟರೆ ಅದರ ಹೊಟ್ಟೆಯ ಕಡೆ ಬೀಳುವುದು ಎಳೆತವೇ. ಗೋಡೆಗಳ ನಡುವಿನ ಅಂತರ ಎರಡರಷ್ಟಾದರೆ ಕಲ್ಲಿನ ತೂಕದಿಂದ ನಡುವಿನಲ್ಲಿ ಬೀಳುವ ಎಳೆತ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಕಲ್ಲುಕುಟಿಗರಿಗೆ ಒಂದೇ ದಾರಿ: ಕೋಣೆಯ ಗಿಡ್ಡ ಅಗಲಕ್ಕೆ ಚಪ್ಪಡಿ ಹೊದಿಸುವುದು. ಕೋಣೆಯ ಗಿಡ್ಡ ಅಗಲ ಪೂರ್ವ–ಪಶ್ಚಿಮವಾದರೆ ಚಪ್ಪಡಿಯೂ ಪೂರ್ವ–ಪಶ್ಚಿಮ. ಪಕ್ಕದ ಕೋಣೆಯದು ಉತ್ತರ–ದಕ್ಷಿಣವಾದರೆ ಅಲ್ಲಿ ಚಪ್ಪಡಿಯೂ ತಿರುಗುತ್ತದೆ, ಮತ್ತು ತಿರುಗುವುದು ಗೋಡೆಯ ಮೇಲೆಯೇ. ನಡುವೆ ತಿರುಗಿಸಲು ಅದನ್ನು ಹೊರುವವರು ಯಾರೂ ಇಲ್ಲ.

ಅಟ್ಟದ ಲೆಕ್ಕವೂ ಇದೇ, ಆದರೆ ಉಲ್ಟಾ. ಅಟ್ಟದಲ್ಲಿ ಹೊರೆ ಹೊರುವುದು ಹಲಗೆಯಲ್ಲ, ಅದರ ಕೆಳಗಿನ ತೊಲೆ. ತೊಲೆಗಳು ಕೋಣೆಯ ಗಿಡ್ಡ ಅಗಲಕ್ಕೆ ಕೂರುತ್ತವೆ. ಹಲಗೆ ತೊಲೆಗೆ ಅಡ್ಡಲಾಗಿ ಕೂರಬೇಕು. ಹಾಗಾಗಿ ಹಲಗೆ ತಾನಾಗಿಯೇ ಕೋಣೆಯ ಉದ್ದಕ್ಕೆ ಮಲಗುತ್ತದೆ. ಮಲೆನಾಡಿನ ಉಪ್ಪರಿಗೆಯಾಗಲಿ, ಕರಾವಳಿಯ ಗುತ್ತಿನ ಮನೆಯ ಮಾಳಿಗೆಯಾಗಲಿ, ಮೇಲೆ ನಡೆಯುವಾಗ ಕಾಲಿಗೆ ಸಿಗುವ ಮೊಳೆಗಳ ಸಾಲು ನೋಡಿದರೆ ಕೆಳಗೆ ತೊಲೆ ಯಾವ ಕಡೆ ಓಡಿದೆ ಎಂದು ಹೇಳಿಬಿಡಬಹುದು.

‘ಹಲಗೆಯನ್ನು ಕೋಣೆಯ ಉದ್ದಕ್ಕೆ ಹಾಕಬೇಕು’ ಎಂದು ಇವತ್ತು ಅಂಗಡಿಯವರು ಹೇಳುವ ಮಾತಿನ ಬೇರು ಇಲ್ಲಿದೆ. ಅಮೆರಿಕ, ಯೂರೋಪಿನ ಮರದ ಮನೆಗಳಲ್ಲಿ ನೆಲದ ಕೆಳಗೆ ಇಂದಿಗೂ ತೊಲೆಗಳೇ ಇರುತ್ತವೆ. ಹಲಗೆ ಅವಕ್ಕೆ ಅಡ್ಡ ಬರಬೇಕು, ಇಲ್ಲದಿದ್ದರೆ ಎರಡು ತೊಲೆಗಳ ನಡುವೆ ಜೋಲುತ್ತದೆ. ಪಕ್ಕದ ಕೋಣೆಯಲ್ಲಿ ತೊಲೆ ತಿರುಗಿದರೆ ಹಲಗೆಯೂ ತಿರುಗಲೇಬೇಕು. ಅಲ್ಲಿ ಇದು ಇಷ್ಟದ ಪ್ರಶ್ನೆಯಲ್ಲ. ನ್ಯೂಜೆರ್ಸಿಯಲ್ಲಿರುವ ತಮ್ಮ ವಾಟ್ಸಾಪಿನಲ್ಲಿ ‘ಅಣ್ಣಾ, ಜಾಯಿಸ್ಟ್ (ಅಂದರೆ ತೊಲೆ) ನೋಡ್ಕೊಂಡು ಹಾಕ್ಸು’ ಎಂದು ಕಳಿಸುವ ಸಲಹೆ ಅವನ ಮನೆಗೆ ನೂರಕ್ಕೆ ನೂರು ಸರಿ. ಮಾಗಡಿ ಕಡೆಯ ಆರ್‌ಸಿಸಿ ಮನೆಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಇಲ್ಲಿ ಹಲಗೆಯ ಕೆಳಗಿರುವುದು ಕಾಂಕ್ರೀಟು. ಎತ್ತ ಹಾಕಿದರೂ ಅದು ಹೊರುತ್ತದೆ.

ಹಾಗಾದರೆ ನಮಗೆ ದಿಕ್ಕು ಹೇಳುವವರು ಯಾರು? ಮೊದಲನೆಯದು ಬೆಳಕು. ಎಷ್ಟೇ ಚೊಕ್ಕವಾಗಿ ಕೂಡಿಸಿದರೂ ಎರಡು ಹಲಗೆಗಳ ನಡುವೆ ಕೂದಲೆಳೆಯಷ್ಟು ಏರುತಗ್ಗು ಇದ್ದೇ ಇರುತ್ತದೆ. ಕಿಟಕಿಯ ಬೆಳಕು ಹಲಗೆಯ ಉದ್ದಕ್ಕೆ ಹರಿದರೆ ಆ ಕೂಡು ಕಾಣುವುದಿಲ್ಲ. ಅಡ್ಡ ಹರಿದರೆ ಪ್ರತಿ ಕೂಡಿಗೂ ಒಂದು ಸಣ್ಣ ನೆರಳು ಬಿದ್ದು, ಬೆಳಗಿನ ಬಿಸಿಲಿನಲ್ಲಿ ನೆಲ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಎರಡನೆಯದು ಕೋಣೆಯ ಆಕಾರ. ಉದ್ದಕ್ಕೆ ಹಾಕಿದರೆ ಕೋಣೆ ಉದ್ದವಾಗಿ ಕಾಣುತ್ತದೆ, ತುಂಡುಗಳೂ ಕಡಿಮೆ. ಮೂರನೆಯದು, ಮನೆಯೊಳಗೆ ಕಾಲಿಟ್ಟವರ ಕಣ್ಣು. ಬಾಗಿಲಲ್ಲಿ ನಿಂತವರ ಎದುರಿಗೆ ಗೆರೆಗಳು ಒಳಗೆ ಕರೆದುಕೊಂಡು ಹೋಗುವಂತಿರಬೇಕು, ತಡೆಗಟ್ಟಿದಂತಿರಬಾರದು. ಇವು ಮೂರೂ ಒಂದೇ ಮಾತು ಹೇಳಿದರೆ ಸಮಸ್ಯೆಯೇ ಇಲ್ಲ. ಜಗಳ ಬಂದಾಗ ನನ್ನ ವೋಟು ಬೆಳಕಿಗೆ. ಕೋಣೆಯ ಆಕಾರವನ್ನು ಮಂಚ, ಬೀರು ಬಂದಮೇಲೆ ಯಾರೂ ಗಮನಿಸುವುದಿಲ್ಲ. ಬಿಸಿಲು ಮಾತ್ರ ದಿನವೂ ಬರುತ್ತದೆ.

ಓಣಿಗೆ ಮಾತ್ರ ಬೇರೆ ನ್ಯಾಯ. ಕೋಣೆಗಳ ನಡುವಿನ ಮೂರೂವರೆ ಅಡಿ ಅಗಲದ ಪ್ಯಾಸೇಜಿಗೆ ಕಣ್ಣು ಮುಚ್ಚಿಕೊಂಡು ಉದ್ದಕ್ಕೇ ಹಾಕಿಸಿ. ಅಡ್ಡ ಹಾಕಿದರೆ ಏಣಿಯ ಮೆಟ್ಟಿಲಿನಂತೆ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಹಲಗೆಯನ್ನೂ ಕತ್ತರಿಸಬೇಕಾಗಿ ಬಂದು ಕೆಲಸವೂ ಹೆಚ್ಚು, ಪೋಲೂ ಹೆಚ್ಚು.

ಒಂದು ಮಾಮೂಲಿ ಮೂವತ್ತು–ನಲವತ್ತರ ಮನೆಯನ್ನೇ ತೆಗೆದುಕೊಳ್ಳೋಣ. ಮಹಡಿಯ ಮೇಲೆ ಒಂದು ಚಿಕ್ಕ ಹಾಲು, ಅಲ್ಲಿಂದ ಓಣಿ, ಓಣಿಯ ಅಕ್ಕಪಕ್ಕ ಎರಡು ಮಲಗುವ ಕೋಣೆ. ಹಾಲು ಮತ್ತು ಓಣಿಯ ನಡುವೆ ಬಾಗಿಲಿಲ್ಲ, ಬರೀ ತೆರಪು. ಈ ಎರಡಕ್ಕೂ ಒಂದೇ ದಿಕ್ಕು ಇರಲಿ, ಅದನ್ನು ಓಣಿಯೇ ನಿರ್ಧರಿಸಲಿ. ಏಕೆಂದರೆ ಹಾಲಿಗೆ ಎರಡೂ ದಿಕ್ಕು ಒಗ್ಗುತ್ತದೆ, ಓಣಿಗೆ ಒಂದೇ. ಮಲಗುವ ಕೋಣೆಗಳಿಗೆ ಬಾಗಿಲುಂಟು. ಅಲ್ಲಿ ಕಿಟಕಿ ಎಲ್ಲಿದೆ ನೋಡಿ ತಿರುಗಿಸುವ ಸ್ವಾತಂತ್ರ್ಯವಿದೆ. ತಿರುಗಿಸದೆ ಒಂದೇ ದಿಕ್ಕಿನಲ್ಲಿ ಇಡೀ ಮಹಡಿ ಹಾಕಿದರೂ ಚೆಂದವೇ. ಕಾರಣವಿಲ್ಲದೆ ಕೋಣೆಗೊಂದು ದಿಕ್ಕು ಮಾಡಿದರೆ ಮನೆ ತುಂಡು ತುಂಡಾಗಿ ಕಾಣುತ್ತದೆ. ಎಲ್‌ ಆಕಾರದ ಹಾಲು–ಡೈನಿಂಗ್ ಇದ್ದರೆ ಮೂಲೆಯಲ್ಲಿ ತಿರುಗಿಸೋಣ ಎಂದು ಕೆಲವರು ಸೂಚಿಸುತ್ತಾರೆ. ಒಪ್ಪಬೇಡಿ.

ಇಷ್ಟು ಹೊತ್ತು ಹೇಳಿದ್ದು ಕಣ್ಣಿನ ಮಾತಾಯಿತು. ಬಾಗಿಲಿನಲ್ಲೇ ಏಕೆ ತಿರುಗಬೇಕು ಎಂಬುದಕ್ಕೆ ಉತ್ತರ ಮರದೊಳಗಿದೆ.

ಮರ ಕಡಿದ ಮೇಲೂ ಸುಮ್ಮನಿರುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದರೆ ಹೀರಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಚನ್ನಪಟ್ಟಣದ ಬೊಂಬೆ ಮಾಡುವವರು ಹಾಲೆ ಮರವನ್ನು ತಂದ ದಿನವೇ ಚರಕಿಗೆ ಹಾಕುವುದಿಲ್ಲ, ಮೊದಲು ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಹಸಿ ಮರದಲ್ಲಿ ಬೊಂಬೆ ಕಡೆದರೆ ಅರಗಿನ ಬಣ್ಣದ ಕೆಳಗೇ ಸೀಳು ಬಿಡುತ್ತದೆ ಎಂದು ಅವರಿಗೆ ಗೊತ್ತು. ಆದರೆ ಎಷ್ಟು ಒಣಗಿಸಿದರೂ ಮರ ಊರಿನ ಹವೆಗೆ ತಕ್ಕಂತೆ ಒಂದಿಷ್ಟು ಏರಿಳಿಯುತ್ತಲೇ ಇರುತ್ತದೆ. ಭಾರತೀಯ ಮಾನಕ ಬ್ಯೂರೋ ಇದಕ್ಕಾಗಿಯೇ ಐಎಸ್ 287 ಎಂಬ ಮಾನಕ ಮಾಡಿ, ಗಾಳಿಯ ತೇವಾಂಶದ ಮೇಲೆ ದೇಶವನ್ನು ನಾಲ್ಕು ವಲಯಗಳಾಗಿ ಹಂಚಿದೆ. ಯಾವ ವಲಯದಲ್ಲಿ ಯಾವ ಕೆಲಸದ ಮರ ಎಷ್ಟು ಒಣಗಿರಬೇಕು ಎಂದು ಅದರಲ್ಲಿ ಹೇಳಿದೆ. ಮರದ ಈ ನಡತೆಯನ್ನೇ ಅಧ್ಯಯನ ಮಾಡುವ ಸಂಸ್ಥೆಯೊಂದು ನಮ್ಮ ಬಗಲಲ್ಲೇ ಇದೆ: ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದದ್ದು ಅದು.

ಮರದ ವಿಶೇಷವೇನೆಂದರೆ, ಅದು ಎಲ್ಲ ದಿಕ್ಕಿಗೂ ಒಂದೇ ಸಮ ಹಿಗ್ಗುವುದಿಲ್ಲ. ತೇಗವನ್ನೇ ನೋಡಿ. ಹಸಿ ಮರ ಪೂರ್ತಿ ಒಣಗುವ ಹೊತ್ತಿಗೆ ಬೆಳವಣಿಗೆಯ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಶೇ 5.8ರಷ್ಟು ಕುಗ್ಗುತ್ತದೆ. ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿನಲ್ಲಿ ಶೇ 2.5. ಕಾಂಡದ ಉದ್ದಕ್ಕೆ? ಸಾಮಾನ್ಯವಾಗಿ ಯಾವ ಮರವೂ ಉದ್ದಕ್ಕೆ ಶೇ 0.1–0.2ಕ್ಕಿಂತ ಹೆಚ್ಚು ಕುಗ್ಗುವುದಿಲ್ಲ. ಅಂದರೆ ಹಲಗೆ ಅಗಲಕ್ಕೆ ಮಿಸುಕಾಡುತ್ತದೆ, ಉದ್ದಕ್ಕೆ ಹೆಚ್ಚೂಕಡಿಮೆ ಅಲ್ಲಾಡುವುದೇ ಇಲ್ಲ.

ಇದನ್ನು ಒಂದು ಕೋಣೆಗೆ ಇಳಿಸೋಣ. ಮಾರ್ಚಿನ ಒಣಹವೆಗೂ ಮಳೆಗಾಲದ ಥಂಡಿಗೂ ನಡುವೆ ಹಲಗೆಯ ತೇವಾಂಶ ಶೇ 4ರಷ್ಟು ಏರಿತು ಎಂದಿಟ್ಟುಕೊಳ್ಳಿ. ನಾಲ್ಕಂಗುಲದ ತೇಗದ ಹಲಗೆ ಅಗಲಕ್ಕೆ ಮುಕ್ಕಾಲು ಮಿಲಿಮೀಟರಿಗೆ ತುಸು ಮಿಕ್ಕಿ ಹಿಗ್ಗಬಹುದು. ಇಷ್ಟೇ ತಾನೇ ಎನ್ನಬೇಡಿ. 12 ಅಡಿ ಅಗಲದ ಕೋಣೆಯಲ್ಲಿ ಅಂಥ ಹಲಗೆಗಳು 36. ಎಲ್ಲವೂ ಕೂಡಿ ಒಂದು ಅಂಗುಲಕ್ಕಿಂತ ಹೆಚ್ಚು ಜಾಗ ಕೇಳುತ್ತವೆ. ಅದೇ 12 ಅಡಿ ಉದ್ದಕ್ಕೆ ಹಲಗೆ ಮಲಗಿದ್ದರೆ ಆ ದಿಕ್ಕಿನ ಚಲನೆ ಹೆಚ್ಚೆಂದರೆ ಒಂದು ಮಿಲಿಮೀಟರ್. ಮೊಳೆ ಹೊಡೆದ ನೆಲದಲ್ಲಿ ಈ ಹಿಗ್ಗನ್ನು ಕೂಡುಗಳ ನಡುವಿನ ಸಣ್ಣ ಸಣ್ಣ ಸಂದುಗಳು ಹಂಚಿಕೊಳ್ಳುತ್ತವೆ, ಉಳಿದದ್ದಕ್ಕೆ ಗೋಡೆಯ ಬುಡದಲ್ಲಿ ಸ್ಕರ್ಟಿಂಗಿನ ಅಡಿ ಬಿಟ್ಟ ತೆರಪು ಬೇಕು.

ಈಗ ದಿಕ್ಕು ತಿರುಗಿದ ಜಾಗಕ್ಕೆ ಬನ್ನಿ. ಒಂದು ಕಡೆಯ ಹಲಗೆಗಳ ತಲೆಗಳು ಬಂದು ನಿಂತಿವೆ. ಅವುಗಳ ಎದುರು ಇನ್ನೊಂದು ಕೋಣೆಯ ಹಲಗೆಯ ಪಕ್ಕ ಅಡ್ಡಲಾಗಿ ನಿಂತಿದೆ. ತಲೆಯ ಕಡೆಯವು ತಾವಿದ್ದಲ್ಲೇ ಇರುತ್ತವೆ. ಪಕ್ಕದ ಕಡೆಯವು ಮಳೆಗಾಲದಲ್ಲಿ ಮುಂದೆ ಬರುತ್ತವೆ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತವೆ. ಎಡೆ ಬಿಡದೆ ಅಂಟಿಸಿದರೆ ಆಗಸ್ಟಿನಲ್ಲಿ ಹಲಗೆ ಅಲ್ಲಿ ಉಬ್ಬಿ ಗುಡಾರದಂತೆ ಏಳುತ್ತದೆ, ಏಪ್ರಿಲಿನಲ್ಲಿ ಬೆರಳು ತೂರುವಷ್ಟು ಬಾಯಿ ಬಿಡುತ್ತದೆ. ಕೋಣೆಯ ನಟ್ಟನಡುವೆ ಇಂಥ ಸಂದು ಇಟ್ಟುಕೊಂಡು ಬದುಕುವುದು ಯಾರಿಗೂ ಬೇಕಿಲ್ಲ. ಬಾಗಿಲಿನಲ್ಲಾದರೆ ಮೇಲೊಂದು ಪಟ್ಟಿ ಮುಚ್ಚಬಹುದು, ಮುಚ್ಚಿದ ಬಾಗಿಲಿನ ಅಡಿ ಅದು ಕಣ್ಣಿಗೂ ಬೀಳುವುದಿಲ್ಲ.

ಇಲ್ಲೊಂದು ಅಡ್ಡಮಾತು ಸೇರಿಸಬೇಕು. ನಮ್ಮಲ್ಲಿ ‘ವುಡನ್ ಫ್ಲೋರಿಂಗ್’ ಎಂದು ಮಾರುವುದರಲ್ಲಿ ಬಹುಪಾಲು ಅಪ್ಪಟ ಮರವಲ್ಲ. ಲ್ಯಾಮಿನೇಟ್ ಎಂದರೆ ಮರದ ನಾರನ್ನು ಅರೆದು ಒತ್ತಿದ ಹಲಗೆ, ಮೇಲೆ ಮರದ ಚಿತ್ರ ಮುದ್ರಿಸಿದ ಹಾಳೆ, ಅದರ ಮೇಲೆ ಗಟ್ಟಿ ಲೇಪ. ದಪ್ಪ ಸಾಮಾನ್ಯವಾಗಿ 8ರಿಂದ 12 ಮಿಲಿಮೀಟರ್. ನಾರನ್ನು ಅರೆದಿರುವುದರಿಂದ ಅದಕ್ಕೆ ಉದ್ದ–ಅಗಲದ ಭೇದ ಅಷ್ಟಾಗಿ ಇಲ್ಲ, ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಿಗ್ಗುತ್ತದೆ. ಎಂಜಿನಿಯರ್ಡ್ ಹಲಗೆಯಲ್ಲಿ ಮೇಲೆ ಕೆಲವೇ ಮಿಲಿಮೀಟರ್ ಅಸಲಿ ಮರ, ಕೆಳಗೆ ಪ್ಲೈವುಡ್ಡಿನಂತೆ ಒಂದಕ್ಕೊಂದು ಅಡ್ಡ ಹಾಕಿದ ಪದರ. ಒಂದು ಪದರ ಹಿಗ್ಗಲು ಹೋದರೆ ಇನ್ನೊಂದು ಹಿಡಿದೆಳೆಯುತ್ತದೆ. ಹಾಗಾದರೆ ಇವಕ್ಕೆ ಬಾಗಿಲಿನಲ್ಲಿ ಸಂದು ಬೇಡವೇ? ಬೇಕು, ಬೇರೆ ಕಾರಣಕ್ಕೆ. ಇವನ್ನು ಸಾಮಾನ್ಯವಾಗಿ ಮೊಳೆ ಹೊಡೆದು ಕೂರಿಸುವುದಿಲ್ಲ. ಒಂದಕ್ಕೊಂದು ಕ್ಲಿಕ್ ಮಾಡಿ ಫೋಮಿನ ಮೇಲೆ ತೇಲಲು ಬಿಡುತ್ತಾರೆ. ಇಡೀ ಕೋಣೆ ಒಂದೇ ಹಾಳೆಯಾಗಿ ಸರಿದಾಡುತ್ತದೆ. ಎರಡು ದೊಡ್ಡ ಕೋಣೆಗಳನ್ನು ಮೂರಡಿಯ ಬಾಗಿಲಿನ ಮೂಲಕ ಬೆಸೆದರೆ ಎರಡೂ ಕಡೆಯ ಎಳೆದಾಟ ಆ ಕುತ್ತಿಗೆಯ ಮೇಲೆಯೇ ಬೀಳುತ್ತದೆ, ಮೊದಲು ಬಿಚ್ಚಿಕೊಳ್ಳುವುದೂ ಅಲ್ಲಿಯೇ. ಅದಕ್ಕೇ ತಯಾರಕರು ಬಾಗಿಲಿನಲ್ಲಿ ತುಂಡರಿಸಿ ಎನ್ನುತ್ತಾರೆ, ಸಾಮಾನ್ಯವಾಗಿ 8–10 ಮೀಟರಿಗಿಂತ ಉದ್ದಕ್ಕೆ ಒಂದೇ ಹಾಸು ಎಳೆಯಬೇಡಿ ಎಂದೂ ಎಚ್ಚರಿಸುತ್ತಾರೆ. ಹೇಗೂ ತುಂಡರಿಸಲೇಬೇಕಾದ ಜಾಗ, ತಿರುಗಿಸುವುದಿದ್ದರೆ ಅಲ್ಲೇ ತಿರುಗಿಸಿ. ಹೆಚ್ಚಿನ ಖರ್ಚೇನೂ ಇಲ್ಲ.

ತಿರುಗಿಸುವ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಒಳ್ಳೆಯ ಕೆಲಸಗಾರನ ಗುರುತು ಸಿಗುವುದು ಕೋಣೆಯ ನಡುವಿನಲ್ಲಲ್ಲ, ಬಾಗಿಲುವಾಡದ ಬುಡದಲ್ಲಿ. ಅವನು ಮೊದಲು ಹಲಗೆಯ ಒಂದು ಚೂರನ್ನು, ಅದರಡಿ ಫೋಮಿನ ತುಂಡನ್ನು ಬಾಗಿಲುವಾಡದ ಪಕ್ಕದಲ್ಲಿ ಇಡುತ್ತಾನೆ. ಗರಗಸವನ್ನು ಅದರ ಮೇಲೆ ಮಲಗಿಸಿ ಬಾಗಿಲುವಾಡದ ಕಾಲನ್ನು ಅಷ್ಟೇ ಎತ್ತರಕ್ಕೆ ಕೊಯ್ಯುತ್ತಾನೆ. ಹಲಗೆ ಆ ಸೀಳಿನೊಳಗೆ ಜಾರಿ ಕೂರುತ್ತದೆ. ಒಳಗೆ ಹಿಗ್ಗಲು ಜಾಗವೂ ಇರುತ್ತದೆ, ಹೊರಗೆ ಸಂದೂ ಕಾಣುವುದಿಲ್ಲ. ಇದನ್ನು ಮಾಡದವನು ಹಲಗೆಯನ್ನೇ ಬಾಗಿಲುವಾಡದ ಆಕಾರಕ್ಕೆ ಕೆತ್ತಿ, ಉಳಿದ ಸಂದಿಗೆ ಸಿಲಿಕೋನ್ ಬಳಿದು ಹೋಗುತ್ತಾನೆ. ಆರು ತಿಂಗಳಿಗೆ ಅದು ಕಪ್ಪಾಗಿ ಕಿತ್ತು ಬರುತ್ತದೆ.

ಆಮೇಲೆ ಬಾಗಿಲು ಮುಚ್ಚಿ, ಕದದ ದಪ್ಪ ನೆಲದ ಮೇಲೆ ಎಲ್ಲಿ ಬೀಳುತ್ತದೆ ಎಂದು ಎರಡು ಕಡೆಯೂ ಪೆನ್ಸಿಲಿನಲ್ಲಿ ಗೆರೆ ಎಳೆಯಬೇಕು. ಸಂದು ಬರಬೇಕಾದದ್ದು ಆ ಎರಡು ಗೆರೆಗಳ ನಡುವೆ. ಹಾಗಿದ್ದರೆ ಬಾಗಿಲು ಮುಚ್ಚಿದಾಗ ಹಾಲಿನವರಿಗೆ ಹಾಲಿನ ನೆಲ ಮಾತ್ರ, ಕೋಣೆಯವರಿಗೆ ಕೋಣೆಯದು ಮಾತ್ರ ಕಾಣುತ್ತದೆ. ಗೋಡೆಯ ನಡುಮಧ್ಯ ಹಿಡಿದು ಸಂದು ಇಟ್ಟರೆ ಬಾಗಿಲು ಮುಚ್ಚಿದಾಗ ಪಕ್ಕದ ಕೋಣೆಯ ತಿರುಗಿದ ಹಲಗೆಯ ಎರಡಂಗುಲ ಈಚೆ ಇಣುಕುತ್ತಿರುತ್ತದೆ.

ಸಂದನ್ನು ಮುಚ್ಚಲು ಸುಲಭದ ದಾರಿ ಟಿ ಪ್ರೊಫೈಲು. ಟಿ ಅಕ್ಷರದ ಕಾಲು ಸಂದಿನೊಳಗೆ ಇಳಿದು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ತಲೆ ಎರಡೂ ಕಡೆಯ ಹಲಗೆಗಳ ಮೇಲೆ ಬರೀ ಹೊದ್ದುಕೊಂಡಿರುತ್ತದೆ. ತಲೆಯನ್ನು ಹಲಗೆಗೆ ಅಂಟಿಸಬಾರದು. ಅಂಟಿಸಿದರೆ ಸಂದು ಬಿಟ್ಟ ಪುಣ್ಯವೆಲ್ಲ ನೀರಿನಲ್ಲಿ ಹೋಮ. ಮೊಳೆ ಹೊಡೆಯುವ ಅಸಲಿ ಮರದ ನೆಲವಾದರೆ ಇನ್ನೂ ಅಂದದ ದಾರಿಯಿದೆ: ಬಾಗಿಲಿಗೆ ಅಡ್ಡಲಾಗಿ ಅದೇ ಮರದ ಒಂದೇ ಒಂದು ಹಲಗೆ ಕೂರಿಸಿ, ಎರಡೂ ಕೋಣೆಯ ನೆಲ ಅದರ ಬಳಿ ಬಂದು ನಿಲ್ಲುವಂತೆ ಮಾಡುವುದು. ದಿಕ್ಕು ತಿರುಗಿದ್ದು ತಪ್ಪಲ್ಲ, ಬೇಕೆಂದೇ ಮಾಡಿದ್ದು ಎಂದು ಆ ಅಡ್ಡಹಲಗೆ ತೋರಿಸಿಕೊಡುತ್ತದೆ.

ದಿಕ್ಕು ತಿರುಗಿಸದೆ ಹೋದರೂ ಬಾಗಿಲಿನಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಹಲಗೆಯ ಒಂದು ಪಕ್ಕದಲ್ಲಿ ನಾಲಿಗೆಯಂತೆ ಚಾಚಿದ ಏಣು, ಇನ್ನೊಂದು ಪಕ್ಕದಲ್ಲಿ ಅದು ಕೂರುವ ಸೀಳು ಇರುತ್ತದಲ್ಲ, ಕೆಲಸ ಯಾವಾಗಲೂ ನಾಲಿಗೆಯ ಕಡೆಗೇ ಮುಂದುವರಿಯುತ್ತದೆ. ಮೊಳೆ ಹೊಡೆಯುವುದೂ ನಾಲಿಗೆಯ ಬುಡಕ್ಕೆ, ಓರೆಯಾಗಿ. ಈಗ ಹಾಲಿನ ನಡುವಿನಿಂದ ಶುರು ಮಾಡಿ ಒಂದು ಬಾಗಿಲು ದಾಟಿ ಹೋದಿರಿ ಎನ್ನಿ; ಬೆನ್ನ ಹಿಂದಿನ ಕೋಣೆಗೆ ಹೋಗಬೇಕಾದಾಗ ಆ ಕಡೆ ಇರುವುದು ಸೀಳು, ನಾಲಿಗೆಯಲ್ಲ. ಆಗ ಸೀಳಿನೊಳಗೆ ತೆಳುವಾದ ಮರದ ರೀಪನ್ನು ಅಂಟು ಹಾಕಿ ಕೂರಿಸಿ ಹೊಸ ನಾಲಿಗೆ ಮಾಡಿಕೊಳ್ಳುತ್ತಾರೆ. ಕಾಸಿನ ಕೆಲಸ. ಗೊತ್ತಿಲ್ಲದವರು ಅದರ ಬದಲು ಹಿಂದಿನ ಕೋಣೆಯನ್ನು ಬೇರೆಯೇ ನೆಲವೆಂಬಂತೆ ಹಾಕಿ, ಗೆರೆಗಳು ಬಾಗಿಲಿನಲ್ಲಿ ಅರ್ಧಂಗುಲ ತಪ್ಪಿಹೋಗುವಂತೆ ಮಾಡುತ್ತಾರೆ. ದಿಕ್ಕು ಒಂದೇ, ಗೆರೆ ಮಾತ್ರ ಕೂಡುವುದಿಲ್ಲ. ನೀಟಾಗಿ ತಿರುಗಿದ ನೆಲಕ್ಕಿಂತ ಹೀಗೆ ತಪ್ಪಿದ ನೆಲ ಹೆಚ್ಚು ಕಣ್ಣು ಚುಚ್ಚುತ್ತದೆ.

ತಿರುಗಿಸಿದರೆ ಸಾಲಿನ ಲೆಕ್ಕವನ್ನೂ ಹೊಸದಾಗಿ ಹಾಕಬೇಕು. ಉದಾಹರಣೆಗೆ, ಕೋಣೆಯ ಅಗಲ 3,100 ಮಿಲಿಮೀಟರ್, ಎರಡು ಗೋಡೆಗೂ 10 ಬಿಟ್ಟರೆ 3,080. ಹಲಗೆಯ ಅಗಲ 192. ಹದಿನಾರು ಸಾಲು ಹಾಕಿದರೆ 3,072. ಉಳಿಯುವುದು 8 ಮಿಲಿಮೀಟರ್. ಅಷ್ಟು ಸಣ್ಣ ಸೀಳನ್ನು ಯಾವ ದೇವರೂ ಕ್ಲಿಕ್ ಮಾಡಿ ಕೂರಿಸಲಾರ. ಅದಕ್ಕೆ ಮೊದಲ ಸಾಲನ್ನೇ 100ಕ್ಕೆ ಸೀಳಿಕೊಂಡು ಶುರು ಮಾಡಿದರೆ, ಹದಿನೈದು ಪೂರ್ತಿ ಸಾಲು ಹೋಗಿ ಕೊನೆಗೂ 100 ಉಳಿಯುತ್ತದೆ. ಎರಡೂ ಗೋಡೆಯ ಬುಡದಲ್ಲಿ ಸಮ. ಟೇಪು ಹಿಡಿದು ಐದು ನಿಮಿಷ ಕೂತರೆ ಮುಗಿಯುವ ಈ ಲೆಕ್ಕವನ್ನು ಮೊದಲ ಹಲಗೆ ಇಡುವ ಮುಂಚೆ ಮಾಡಿಸಿ. ಪೋಲಿಗೆಂದು ಶೇ 10ರಷ್ಟು ಹೆಚ್ಚು ತರಿಸಿದರೆ ಸಾಕು. ಮೂಲೆಯಿಂದ ಮೂಲೆಗೆ ಓರೆಯಾಗಿ ಹಾಕಿಸುವ ಹುಕಿ ಬಂದರೆ ಶೇ 15 ಬೇಕು.

ಇನ್ನು ಹೊಸ್ತಿಲು. ಯೂರೋಪಿನ ಮರದ ನೆಲಕ್ಕಿಲ್ಲದ ಒಂದು ಪರೀಕ್ಷೆ ನಮ್ಮಲ್ಲಿ ಕಾದಿದೆ. ಮುಂಬಾಗಿಲಿನ ಹೊಸ್ತಿಲು ಮತ್ತು ದೇವರ ಮನೆಯ ಹೊಸ್ತಿಲಿಗೆ ದಿನಾ ನೀರು ಬೀಳುತ್ತದೆ. ತೊಳೆದು, ಅರಿಸಿನ–ಕುಂಕುಮ ಇಟ್ಟು, ರಂಗೋಲಿ ಎಳೆದು, ಹಬ್ಬ ಬಂದರೆ ಕೆಮ್ಮಣ್ಣಿನ ಅಂಚು ಬಳಿಯುವ ಜಾಗ ಅದು. ಹಲಗೆ ತಿರುಗುವ, ತುಂಡಾಗುವ, ಸಂದು ಬಿಟ್ಟಿರುವ ಜಾಗವೂ ಅದೇ. ಕತ್ತರಿಸಿದ ತಲೆಯ ಕಡೆಯಿಂದಲೇ ಮರ ನೀರನ್ನು ಬೇಗ ಹೀರುವುದು. ಲ್ಯಾಮಿನೇಟಿಗಂತೂ ಕತ್ತರಿಸಿದ ಅಂಚಿಗೆ ನೀರು ಸೋಕಿದರೆ ನಾರು ಉಬ್ಬಿ ಏಳುತ್ತದೆ, ಒಣಗಿದರೂ ಮೊದಲಿನಂತಾಗುವುದಿಲ್ಲ. ಮನೆಯವರಿಗೆ ನೀರು ಹಾಕಬೇಡಿ ಎನ್ನುವುದು ಆಗದ ಮಾತು. ಹಲಗೆಯನ್ನೇ ಹೊಸ್ತಿಲಿನಿಂದ ಹಿಂದಕ್ಕೆ ನಿಲ್ಲಿಸಬೇಕು.

ಅದಕ್ಕೆ ಉಪಾಯ ನಮ್ಮ ಮನೆಗಳಲ್ಲಿ ಆಗಲೇ ಇದೆ. ಬಚ್ಚಲುಮನೆಯ ಬಾಗಿಲಲ್ಲಿ ಟೈಲ್ಸು ಬದಲಾಗುವ ಕಡೆ ಯಾವ ಮೇಸ್ತ್ರಿಯೂ ಕೇಳದೆ ಒಂದು ಗ್ರಾನೈಟ್ ಪಟ್ಟಿ ಕೂರಿಸಿಬಿಡುತ್ತಾನೆ. ದೇವರ ಮನೆಯ ಮುಂದೆಯೂ ಒಂದಡಿ ಅಗಲದ ಕಲ್ಲಿನ ಪಟ್ಟಿ ಹಾಕಿಸಿ, ಹಲಗೆ ಅದರಾಚೆ ನಿಲ್ಲಲಿ. ರಂಗೋಲಿಗೂ ಜಾಗವಾಯಿತು, ದಿಕ್ಕು ತಿರುಗಲು ನೆಪವೂ ಆಯಿತು: ಕಲ್ಲಿನ ಈಚೆ ಒಂದು ದಿಕ್ಕು, ಆಚೆ ಇನ್ನೊಂದು. ಬೆಟ್ಟದ ತುಂಬ ಗ್ರಾನೈಟ್ ಇರುವ ಸೀಮೆಯಲ್ಲಿ ಒಂದಡಿ ಕಲ್ಲಿಗೆ ಜಿಪುಣತನ ಮಾಡಬೇಕಿಲ್ಲ. ಮುಂಬಾಗಿಲಿನ ಪಡಸಾಲೆಗೆ ಮರದ ನೆಲವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಲದ ಮಣ್ಣು ಮೆತ್ತಿದ ಕಾಲು, ರಾಗಿ ಮೂಟೆ, ಮಳೆಗೆ ನೆನೆದು ಬಂದ ಛತ್ರಿ ಎಲ್ಲವೂ ಮೊದಲು ಇಳಿಯುವುದು ಅಲ್ಲಿ. ಮರಳು ಲೇಪವನ್ನು ಉಜ್ಜಿ ಹಾಕುತ್ತದೆ. ಮರದ ನೆಲ ಮಹಡಿಗೆ ಲಾಯಕ್ಕು. ನೆಲಮಟ್ಟದಲ್ಲಿ ಗೆದ್ದಲಿನ ಕಾಟ ಬೇರೆ.

ಹಲಗೆ ಹಾಕುವ ಮುಂಚೆ ಕಾಂಕ್ರೀಟು ಒಣಗಿದೆಯೇ ಎಂದು ನೋಡಲು ಯಂತ್ರವೇನೂ ಬೇಡ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಅಂಟಿಸಿ ನೆಲದ ಮೇಲೆ ಒಂದು ಹಗಲು–ರಾತ್ರಿ ಬಿಡಿ. ಎತ್ತಿದಾಗ ಅಡಿಯಲ್ಲಿ ಬೆವರಿದ್ದರೆ, ಕಾಂಕ್ರೀಟಿನ ಬಣ್ಣ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಹಾಳೆಯನ್ನು ಬಾಗಿಲಿನ ಹತ್ತಿರ, ಬಚ್ಚಲುಮನೆಯ ಗೋಡೆಯ ಬುಡದಲ್ಲಿ ಒಂದೊಂದು ಹಾಕಿ ನೋಡಿ, ಕೋಣೆಯ ನಡುವೆ ಮಾತ್ರ ಅಲ್ಲ. ಪೆಟ್ಟಿಗೆಗಳನ್ನೂ ಎರಡು ದಿನ ಮುಂಚೆಯೇ ಅದೇ ಕೋಣೆಯಲ್ಲಿ ಇರಿಸಿದರೆ ಹಲಗೆ ಮನೆಯ ಹವೆಗೆ ಹೊಂದಿಕೊಳ್ಳುತ್ತದೆ. ಅಸಲಿ ಮರವಾದರೆ ಇನ್ನೂ ಹೆಚ್ಚು ದಿನ ಬೇಕು.

ಕೆಲಸ ಶುರುವಾಗುವ ಹಿಂದಿನ ಸಂಜೆ ಮನೆಯ ನಕ್ಷೆಯ ಒಂದು ಪ್ರತಿ ತೆಗೆದುಕೊಂಡು ಪ್ರತಿ ಕೋಣೆಯೊಳಗೂ ಹಲಗೆ ಓಡಬೇಕಾದ ದಿಕ್ಕಿಗೆ ಬಾಣ ಹಾಕಿ, ಸಂದು ಬರುವ ಬಾಗಿಲುಗಳಿಗೆ ಗೆರೆ ಎಳೆದು ಮೇಸ್ತ್ರಿಯ ಕೈಗೆ ಕೊಡಿ. ಬೆಳಿಗ್ಗೆ ಬಾಗಿಲಿನ ಎರಡೂ ಕಡೆ ನಾಲ್ಕು ನಾಲ್ಕು ಹಲಗೆಯನ್ನು ಕೂಡಿಸದೆ ಸುಮ್ಮನೆ ಇಡಿಸಿ, ಬಾಗಿಲು ಒಮ್ಮೆ ತೆರೆದು ಒಮ್ಮೆ ಮುಚ್ಚಿ ನೋಡಿ, ಆಮೇಲೆ ಹೂಂ ಅನ್ನಿ. ಕ್ಲಿಕ್ ಆಗಿ ಕೂತ ಹಲಗೆಯನ್ನು ನಡುವಿನಿಂದ ಎತ್ತಲು ಬರುವುದಿಲ್ಲ; ಗೋಡೆಯ ಬುಡದ ಕೊನೆಯ ಸಾಲಿನಿಂದ ಒಂದೊಂದಾಗಿ ಬಿಚ್ಚಿಕೊಂಡೇ ಬರಬೇಕು.